ನ್ಯೂ ಆರ್ಲಿಯನ್ಸ್‌ನಲ್ಲಿ ಊಟ ಮತ್ತು ಜಾಝ್: ಫ್ರೆಂಚ್ ಕ್ವಾರ್ಟರ್, ಫ್ರೆಂಚ್‌ಮೆನ್ ಸ್ಟ್ರೀಟ್, ಟ್ರೆಮೇ – ಯಾವುದಕ್ಕೆ ಎಷ್ಟು ಹೊತ್ತು ಕೊಡಬೇಕು?

ಹ್ಯೂಸ್ಟನ್ ಕಡೆಯ ಕನ್ನಡದವರಿಗೆ ನ್ಯೂ ಆರ್ಲಿಯನ್ಸ್ ಅಂದರೆ ಲಾಂಗ್ ವೀಕೆಂಡಿನ ಊರು. ಐ-10 ಹಿಡಿದರೆ ಸುಮಾರು 350 ಮೈಲಿ, ಐದೂವರೆ ಆರು ಗಂಟೆ ದಾರಿ. ಇಂಡಿಯಾದಿಂದ ಅಪ್ಪ ಅಮ್ಮ ಬಂದಾಗ, ಕಾಲೇಜಿನ ಗೆಳೆಯರು ಸೇರಿದಾಗ ಅಲ್ಲಿಗೆ ಹೊರಡುತ್ತಾರೆ. ಹೊರಡುವ ಮುಂಚೆ ಕೇಳುವ ಪ್ರಶ್ನೆಯೂ ಒಂದೇ: ಒಳ್ಳೆ ಊಟ ಬೇಕು, ಕಣ್ಣೆದುರೇ ನುಡಿಸುವ ಜಾಝ್ ಬೇಕು, ಯಾವ ಕಡೆ ಹೋಗೋಣ?

ಬಹಳ ಜನ ಕಣ್ಣು ಮುಚ್ಚಿ ಬರ್ಬನ್ ಸ್ಟ್ರೀಟ್ ಹೆಸರು ಹೇಳುತ್ತಾರೆ. ಅದನ್ನು ನಂಬಿ ರಾತ್ರಿ ಹತ್ತು ಗಂಟೆಗೆ ಅಲ್ಲಿ ನಿಂತರೆ ನಿಯಾನ್ ದೀಪ, ಬಾಗಿಲು ಬಾಗಿಲಿಗೂ ಬೇರೆ ಬೇರೆ ರಾಕ್ ಹಾಡು, ಕೈಯಲ್ಲಿ ಗ್ಲಾಸ್ ಹಿಡಿದು ತೂರಾಡುವ ಗುಂಪು ಸಿಗುತ್ತದೆ. ಜಾಝ್ ಸಿಗುವುದು ಕಷ್ಟ. ಆ ಊರಿಗೆ ಹೋಗಿಯೂ ಜಾಝ್ ಕೇಳದೆ ವಾಪಸ್ ಬಂದವರನ್ನು ನೋಡಿದರೆ ನನಗೆ ನಿಜವಾಗಿ ಬೇಜಾರಾಗುತ್ತದೆ. ಯಾಕೆಂದರೆ ಅಲ್ಲಿಂದ ಹತ್ತಿಪ್ಪತ್ತು ನಿಮಿಷ ನಡೆದರೆ ಜಗತ್ತಿನಲ್ಲಿ ಬೇರೆಲ್ಲೂ ಕೇಳಲಾಗದ ಸಂಗೀತ ಇದೆ, ಅದೂ ಎಷ್ಟೋ ಸಲ ಟಿಕೆಟ್ ಇಲ್ಲದೆ.

ನೋಡಬೇಕಾದ ಜಾಗಗಳು ಮೂರು: ಫ್ರೆಂಚ್ ಕ್ವಾರ್ಟರ್, ಅದರ ಪಕ್ಕದ ಮ್ಯಾರಿನಿಯಲ್ಲಿರುವ ಫ್ರೆಂಚ್‌ಮೆನ್ ಸ್ಟ್ರೀಟ್, ಮತ್ತು ಟ್ರೆಮೇ. ಮೂರೂ ಒಂದಕ್ಕೊಂದು ಅಂಟಿಕೊಂಡಿವೆ. ಮಿಸಿಸಿಪ್ಪಿ ನದಿಗೆ ಬೆನ್ನು ಹಾಕಿ ಕ್ವಾರ್ಟರ್‌ನಲ್ಲಿ ನಿಂತರೆ ಎದುರಿಗೆ ರ‍್ಯಾಂಪಾರ್ಟ್ ರಸ್ತೆ, ಅದರಾಚೆ ಟ್ರೆಮೇ. ಬಲಗಡೆ ಎಸ್ಪ್ಲನೇಡ್ ಅವೆನ್ಯೂ, ಅದನ್ನು ದಾಟಿದರೆ ಮ್ಯಾರಿನಿ. ಎಡಗಡೆ ದೊಡ್ಡ ಹೋಟೆಲುಗಳಿರುವ ಕೆನಾಲ್ ಸ್ಟ್ರೀಟ್. ಇಷ್ಟು ಹತ್ತಿರ ಇರುವುದರಿಂದ ಮೂರರಲ್ಲಿ ಒಂದನ್ನೇ ಆರಿಸಬೇಕು ಅಂತ ಇಲ್ಲ. ಆದರೆ ಯಾವ ಹೊತ್ತಿನಲ್ಲಿ ಎಲ್ಲಿರಬೇಕು ಅನ್ನುವುದು ಮುಖ್ಯ. ನನ್ನ ಲೆಕ್ಕ ಹೀಗೆ: ಬೆಳಿಗ್ಗೆ ಕ್ವಾರ್ಟರ್, ರಾತ್ರಿ ಫ್ರೆಂಚ್‌ಮೆನ್, ಭಾನುವಾರ ಟ್ರೆಮೇ. ಒಂದೇ ರಾತ್ರಿ ಇದೆ ಅನ್ನುವವರು ಯೋಚಿಸದೆ ಫ್ರೆಂಚ್‌ಮೆನ್‌ಗೆ ಹೋಗಿ. ಒಂದೇ ಭಾನುವಾರ ಇದ್ದರೆ ಉಳಿದದ್ದೆಲ್ಲ ಬಿಟ್ಟು ಟ್ರೆಮೇಗೆ ಹೋಗಿ.

ಫ್ರೆಂಚ್ ಕ್ವಾರ್ಟರ್: ಬೆಳಗಿನ ಹೊತ್ತು ಇದರದ್ದು

1718ರಲ್ಲಿ ಫ್ರೆಂಚರು ಕಟ್ಟಿದ ಮೂಲ ಊರು ಇದೇ. ಹೆಸರು ಫ್ರೆಂಚ್ ಆದರೂ ನೀವು ನೋಡುವ ಕಟ್ಟಡಗಳ ರೂಪ ಜಾಸ್ತಿ ಸ್ಪೇನಿನದು. 1788ರಲ್ಲಿ ಮತ್ತು 1794ರಲ್ಲಿ ದೊಡ್ಡ ಬೆಂಕಿ ಬಿದ್ದು ಹಳೆಯ ಮನೆಗಳು ಸುಟ್ಟುಹೋದವು. ಆಗ ಆಳುತ್ತಿದ್ದವರು ಸ್ಪೇನಿನವರು. ಒಳಗೆ ಅಂಗಳ, ಗೋಡೆಗೆ ಗಾರೆ, ಮನೆಗೆ ಮನೆ ಅಂಟಿಸಿ ಕಟ್ಟುವ ರೀತಿ ಆಗ ಬಂತು. ಕಬ್ಬಿಣದ ಬಳ್ಳಿ ಕೆತ್ತನೆಯ ಉಪ್ಪರಿಗೆಗಳು ಅದಾದ ಮೇಲೆ, 19ನೇ ಶತಮಾನದಲ್ಲಿ ಸೇರಿಕೊಂಡವು. 2005ರ ಕತ್ರಿನಾ ಚಂಡಮಾರುತದಲ್ಲಿ ಊರಿನ ಬಹುಭಾಗ ಮುಳುಗಿದಾಗಲೂ ನದಿ ದಂಡೆಯ ಈ ಎತ್ತರದ ಜಾಗಕ್ಕೆ ಹೆಚ್ಚು ನೀರು ಬರಲಿಲ್ಲ.

ಬೆಳಿಗ್ಗೆ ಎಂಟಕ್ಕೆ ಮುಂಚೆ ಜಾಕ್ಸನ್ ಸ್ಕ್ವೇರ್ ಹತ್ತಿರ ಇರಿ. ಎದುರಿಗೇ ಕೆಫೆ ಡು ಮಾಂಡ್, 1862ರಿಂದ ನಡೆಯುತ್ತಿದೆ. ಇಲ್ಲಿ ಸಿಗುವುದು ಬೆನ್ಯೇ: ಚೌಕಾಕಾರದ ಹಿಟ್ಟನ್ನು ಎಣ್ಣೆಯಲ್ಲಿ ಕರಿದು, ಮೇಲೆ ಸಕ್ಕರೆ ಪುಡಿಯನ್ನು ರಾಶಿ ಸುರಿದು ಕೊಡುತ್ತಾರೆ. ಪ್ಲೇಟಿಗೆ ಮೂರು. ಮೆನು ಚಿಕ್ಕದು, ಟೇಬಲ್ ಮೇಲಿನ ಟಿಶ್ಯೂ ಡಬ್ಬಿಯ ಮೇಲೇ ಅಂಟಿಸಿರುತ್ತಾರೆ. ಕಪ್ಪು ಬಟ್ಟೆ ಹಾಕಿಕೊಂಡು ಹೋಗಬೇಡಿ. ಕಚ್ಚುವಾಗ ಉಸಿರು ಒಳಗೆಳೆಯಬೇಡಿ, ಸಕ್ಕರೆ ಗಂಟಲಿಗೆ ಹೋಗಿ ಕೆಮ್ಮು ಹತ್ತುತ್ತದೆ. ಪಕ್ಕದವರು ಕೆಮ್ಮಿದರೆ ನಿಮ್ಮ ಮೇಲೂ ಬಿಳಿ ಪುಡಿ. ಜೊತೆಗೆ ಬರುವ ಕಾಫಿ ನಮ್ಮವರಿಗೆ ಹೊಸದಲ್ಲ: ಗಟ್ಟಿ ಕಾಫಿಗೆ ಬಿಸಿ ಹಾಲು, ಕಾಫಿಗೆ ಚಿಕೋರಿ ಬೆರಕೆ. ಅಮೆರಿಕದ ಅಂತರ್ಯುದ್ಧದಲ್ಲಿ ಬಂದರಿಗೆ ದಿಗ್ಬಂಧನ ಬಿದ್ದು ಕಾಫಿ ಬೀಜ ಸಿಗದಿದ್ದಾಗ ಚಿಕೋರಿಯ ಬಳಕೆ ಜೋರಾಯಿತು, ಬೀಜ ಮತ್ತೆ ಸಿಕ್ಕ ಮೇಲೂ ರುಚಿ ಉಳಿದುಕೊಂಡಿತು. ಅಮೆರಿಕದ ನೀರು ಕಾಫಿ ಕುಡಿದು ಬೇಸತ್ತ ಮೈಸೂರು ಹಾಸನದ ಹಿರಿಯರನ್ನು ಇಲ್ಲಿಗೆ ಕರೆದುಕೊಂಡು ಹೋಗಿ, ಮೊದಲ ಗುಟುಕಿಗೇ ಮುಖ ಅರಳುತ್ತದೆ.

ಅದಾದ ಮೇಲೆ ರಾಯಲ್ ಸ್ಟ್ರೀಟ್. ಹಗಲು ಹೊತ್ತು ಇದರ ಒಂದಿಷ್ಟು ಭಾಗಕ್ಕೆ ವಾಹನ ಬಿಡುವುದಿಲ್ಲ. ರಸ್ತೆ ನಡುವೆಯೇ ಕ್ಲ್ಯಾರಿನೆಟ್, ಬ್ಯಾಂಜೊ, ಗಿಟಾರ್ ಹಿಡಿದ ಗುಂಪುಗಳು ನುಡಿಸುತ್ತಿರುತ್ತವೆ. ಇವರನ್ನು ಸುಮ್ನೆ ರಸ್ತೆಯ ಹಾಡುಗಾರರು ಅಂದುಕೊಳ್ಳಬೇಡಿ. ಹಗಲು ಇಲ್ಲಿ ನುಡಿಸಿದವರು ರಾತ್ರಿ ಕ್ಲಬ್ಬಿನಲ್ಲಿ ಕಾಣಿಸಬಹುದು. ನಿಂತು ಕೇಳಿದಿರಾದರೆ ಡಬ್ಬಿಗೆ ಹಣ ಹಾಕಿ.

ಎಸ್ಪ್ಲನೇಡ್ ತುದಿಯಲ್ಲಿ ಹಳೆಯ ನಾಣ್ಯದ ಟಂಕಸಾಲೆ ಇದೆ, ಈಗ ಅದು ನ್ಯೂ ಆರ್ಲಿಯನ್ಸ್ ಜಾಝ್ ಮ್ಯೂಸಿಯಂ. ಈ ಊರಿನ ಹೆಸರಾಂತ ಜಾಝ್ ವಾದಕ ಲೂಯಿ ಆರ್ಮ್‌ಸ್ಟ್ರಾಂಗ್ ಹುಡುಗನಾಗಿದ್ದಾಗ ನುಡಿಸಿದ ಕಾರ್ನೆಟ್, ಅಂದರೆ ಟ್ರಂಪೆಟ್ಟಿನಂಥ ಪುಟ್ಟ ವಾದ್ಯ, ಇಲ್ಲಿದೆ. ಮೇಲಿನ ಮಹಡಿಯಲ್ಲಿ ಸಂಗೀತ ಕಚೇರಿಗಳೂ ನಡೆಯುತ್ತವೆ. ಮಧ್ಯಾಹ್ನದ ಬಿಸಿಲಲ್ಲಿ ಒಳಗೆ ಕೂತು ಕೇಳುವುದಕ್ಕೆ ಹೇಳಿ ಮಾಡಿಸಿದ ಜಾಗ. ಹೊರಡುವ ಮುಂಚೆ ಅವರ ವೇಳಾಪಟ್ಟಿ ನೋಡಿಕೊಳ್ಳಿ.

ಕ್ವಾರ್ಟರ್‌ನಲ್ಲಿ ಟಿಕೆಟ್ ಕೊಟ್ಟು ಕೇಳಲೇಬೇಕಾದ ಜಾಗ ಒಂದೇ: ಸೇಂಟ್ ಪೀಟರ್ ಸ್ಟ್ರೀಟಿನ ಪ್ರಿಸರ್ವೇಶನ್ ಹಾಲ್. 1961ರಲ್ಲಿ ಶುರುವಾಯಿತು. ರಾಕ್ ಅಂಡ್ ರೋಲ್ ಬಂದು ಹಳೆಯ ಜಾಝ್ ವಾದಕರಿಗೆ ಕೆಲಸ ಇಲ್ಲದಾಗಿದ್ದ ಕಾಲ ಅದು. ಕರಿಯರೂ ಬಿಳಿಯರೂ ಒಟ್ಟಿಗೆ ಕೂತು ಕೇಳುವುದೇ ಆಗ ಕಷ್ಟದ ಮಾತಾಗಿತ್ತು. ಒಳಗೆ ಹೋದರೆ ಬಣ್ಣ ಎದ್ದ ಗೋಡೆ, ಮರದ ನೆಲ, ನಾಲ್ಕಾರು ಬೆಂಚು, ಮುಂದೆ ನೆಲದ ಮೇಲೆ ದಿಂಬು. ಊಟ ಇಲ್ಲ, ಮದ್ಯ ಇಲ್ಲ. ನುಡಿಸುವಾಗ ಫೋಟೊ ತೆಗೆಯುವ ಹಾಗಿಲ್ಲ. ಮೈಕಿನ ಹಂಗೂ ಇಲ್ಲ. ಟ್ರಂಪೆಟ್ ರಾಗ ಹಿಡಿಯುತ್ತದೆ, ಕ್ಲ್ಯಾರಿನೆಟ್ ಅದರ ಸುತ್ತ ಬಳ್ಳಿ ಹಬ್ಬಿಸುತ್ತದೆ, ಟ್ರಾಂಬೋನ್ ಕೆಳಗಿನಿಂದ ಎಳೆದು ಕೊಡುತ್ತದೆ. ಮೂವರೂ ಒಟ್ಟಿಗೇ ಮನೋಧರ್ಮದಿಂದ ನುಡಿಸುವುದು ಈ ಊರಿನ ಹಳೆಯ ಶೈಲಿ. ಒಂದೊಂದು ಆಟ ಮುಕ್ಕಾಲು ಗಂಟೆ ಇರಬಹುದು. ಮಕ್ಕಳಿಗೂ ಪ್ರವೇಶ ಇದೆ. ಮುಂಚೆಯೇ ಆನ್‌ಲೈನ್‌ನಲ್ಲಿ ಟಿಕೆಟ್ ತೆಗೆಯಿರಿ. ಮಂಡಿ ನೋವಿರುವವರು ಬೆಂಚಿನ ಟಿಕೆಟ್ಟನ್ನೇ ಕೇಳಿ. ಅಗ್ಗದ ಟಿಕೆಟ್ ತೆಗೆದರೆ ಹಿಂದೆ ನಿಂತು ಕೇಳಬೇಕಾಗುತ್ತದೆ.

ಬರ್ಬನ್ ಸ್ಟ್ರೀಟ್ ಪೂರ್ತಿ ಬಿಡಿ ಅಂತ ಹೇಳುವುದಿಲ್ಲ. 1969ರಿಂದ ಇರುವ ಫ್ರಿಟ್ಜೆಲ್ಸ್‌ನಲ್ಲಿ ಈಗಲೂ ಸಾಂಪ್ರದಾಯಿಕ ಜಾಝ್ ಇದೆ. ಮ್ಯೂಸಿಕಲ್ ಲೆಜೆಂಡ್ಸ್ ಪಾರ್ಕ್ ಅನ್ನುವ ಚಿಕ್ಕ ಅಂಗಳದಲ್ಲಿ ಕೆಫೆ ಬೆನ್ಯೇ ಇದೆ, ಹಗಲಿನಲ್ಲೇ ಬ್ಯಾಂಡ್ ನುಡಿಸುತ್ತದೆ. ಚಿಕ್ಕ ಮಕ್ಕಳಿರುವ ಮನೆಯವರಿಗೆ ಇದಕ್ಕಿಂತ ಸುಲಭದ ಜಾಗ ಇಲ್ಲ. ಉಳಿದ ಬರ್ಬನ್ ಸ್ಟ್ರೀಟ್ ಹಾದು ಹೋಗುವಾಗ ಒಂದು ನೋಟ ನೋಡಿದರೆ ಸಾಕು.

ಊಟದ ವಿಷಯದಲ್ಲಿ ಕ್ವಾರ್ಟರ್ ಹಳೆಯ ದೊಡ್ಡ ಮನೆತನ ಇದ್ದ ಹಾಗೆ. ಆಂಟ್ವಾನ್ಸ್ 1840ರದು, ಗ್ಯಾಲಟ್ವಾರ್ಸ್ 1905ರದು, ಆರ್ನೋಸ್ 1918ರದು. ಬೆಳ್ಳಿ ಚಮಚ, ಬಿಳಿ ಮೇಜುಬಟ್ಟೆ, ಉಡುಪಿಗೆ ನಿಯಮ, ಬಿಲ್ಲೂ ಅದಕ್ಕೆ ತಕ್ಕ ಹಾಗೆ. ಒಂದು ಸಲ ಹೋಗುವುದಾದರೆ ರಾತ್ರಿಗಿಂತ ಮಧ್ಯಾಹ್ನದ ಊಟಕ್ಕೆ ಹೋಗಿ, ಖರ್ಚು ಕಡಿಮೆ. ಊಟ ಜಾಝ್ ಎರಡೂ ಒಂದೇ ಕಡೆ ಕೂತು ಆಗಬೇಕು ಅನ್ನುವವರಿಗೆ ರಾಯಲ್ ಸ್ಟ್ರೀಟಿನ ಕೋರ್ಟ್ ಆಫ್ ಟೂ ಸಿಸ್ಟರ್ಸ್ ಇದೆ. ಅಂಗಳದಲ್ಲಿ ಮರದ ನೆರಳು, ಬಫೆ, ಪಕ್ಕದಲ್ಲಿ ಮೂರ್ನಾಲ್ಕು ಜನರ ಜಾಝ್ ಗುಂಪು. ಅಲ್ಲಿಯ ಸಂಗೀತ ಊಟಕ್ಕೆ ಜೊತೆಯಷ್ಟೇ. ಆದರೆ ವಯಸ್ಸಾದವರನ್ನು ಕರೆದುಕೊಂಡು ಹೋದಾಗ ಆ ಎರಡು ಗಂಟೆ ಎಲ್ಲರಿಗೂ ಆರಾಮ.

ಫ್ರೆಂಚ್‌ಮೆನ್ ಸ್ಟ್ರೀಟ್: ರಾತ್ರಿ ಇಲ್ಲಿಗೆ

ಎಸ್ಪ್ಲನೇಡ್ ದಾಟಿದ ಕೂಡಲೇ ಮ್ಯಾರಿನಿ. 19ನೇ ಶತಮಾನದ ಆರಂಭದಲ್ಲಿ ಬರ್ನಾರ್ಡ್ ಡಿ ಮ್ಯಾರಿನಿ ತನ್ನ ತೋಟದ ಜಮೀನನ್ನು ಸೈಟುಗಳಾಗಿ ಕತ್ತರಿಸಿ ಮಾರಿದ ಜಾಗ ಇದು. ಸ್ಪೇನಿನ ಆಳ್ವಿಕೆಯ ವಿರುದ್ಧ ದಂಗೆ ಎದ್ದು 1769ರಲ್ಲಿ ಮರಣದಂಡನೆಗೆ ಗುರಿಯಾದ ಫ್ರೆಂಚರ ನೆನಪಿಗೆ ಈ ರಸ್ತೆಯ ಹೆಸರು. ನೀವು ಸುತ್ತಬೇಕಾದದ್ದು ಎರಡು ಮೂರು ಬ್ಲಾಕು ಮಾತ್ರ. ಅಷ್ಟರಲ್ಲೇ ಸ್ಪಾಟೆಡ್ ಕ್ಯಾಟ್, ಡಿ.ಬಿ.ಎ., ಬ್ಲೂ ನೈಲ್, ಮೇಸನ್, ಸ್ನಗ್ ಹಾರ್ಬರ್ ಒಂದರ ಪಕ್ಕ ಒಂದು ಇವೆ.

ಇಲ್ಲಿಯ ಚಂದ ಏನೆಂದರೆ ಬಾಗಿಲಲ್ಲಿ ನಿಂತು ಒಂದು ಹಾಡು ಕೇಳಿ, ಇಷ್ಟವಾದರೆ ಒಳಗೆ ಹೋಗಬಹುದು, ಇಲ್ಲದಿದ್ದರೆ ಮುಂದಿನ ಬಾಗಿಲು. ಒಂದು ಕಡೆ 1930ರ ದಶಕದ ಸ್ವಿಂಗ್, ಇನ್ನೊಂದು ಕಡೆ ಫಂಕ್, ಮತ್ತೊಂದು ಕಡೆ ಬ್ಲೂಸ್. ಸ್ಪಾಟೆಡ್ ಕ್ಯಾಟ್ ಒಂದು ಪುಟ್ಟ ಕೋಣೆ. ಕಿಟಕಿಗೆ ಬೆನ್ನು ಕೊಟ್ಟು ಬ್ಯಾಂಡ್ ನಿಂತಿರುತ್ತದೆ, ಅದರ ಮುಂದಿನ ಚೂರು ಜಾಗದಲ್ಲೇ ಜೋಡಿಗಳು ಕುಣಿಯುತ್ತವೆ. ಕೂರುವುದಕ್ಕೆ ಕುರ್ಚಿ ಸಿಗುವುದು ಅಪರೂಪ. ವಾದಕರಿಗೂ ನಿಮಗೂ ನಡುವೆ ಎರಡು ಮಾರು ದೂರ ಇದ್ದರೆ ಹೆಚ್ಚು. ಟ್ರಾಂಬೋನ್ ಚಾಚಿದಾಗ ಮುಂದೆ ನಿಂತವರು ಪಕ್ಕಕ್ಕೆ ವಾಲಬೇಕಾಗುತ್ತದೆ.

ದುಡ್ಡಿನ ರೀತಿ ತಿಳಿದುಕೊಂಡು ಹೋಗಿ. ಕೆಲವು ಕಡೆ ಬಾಗಿಲಲ್ಲಿ ಹಣ ಕೇಳುತ್ತಾರೆ, ಕೆಲವು ಕಡೆ ಪ್ರವೇಶ ಉಚಿತ. ಉಚಿತ ಅಂದ ಕಡೆ ಆಟಕ್ಕೆ ಒಂದಾದರೂ ಡ್ರಿಂಕ್ ತೆಗೆದುಕೊಳ್ಳಬೇಕು ಅನ್ನುವುದು ರೂಢಿ. ಕುಡಿಯದವರು ಸೋಡಾ, ಜ್ಯೂಸ್ ತೆಗೆದುಕೊಳ್ಳಿ, ಯಾರೂ ಏನೂ ಅಂದುಕೊಳ್ಳುವುದಿಲ್ಲ. ಆಮೇಲೆ ಬ್ಯಾಂಡಿನವರೊಬ್ಬರು ಬಕೆಟ್ ಹಿಡಿದು ಬರುತ್ತಾರೆ. ದಯವಿಟ್ಟು ಆ ಹೊತ್ತಿಗೆ ಫೋನ್ ನೋಡುತ್ತಾ ನಿಲ್ಲಬೇಡಿ. ಈ ರಸ್ತೆಯ ಬಹಳಷ್ಟು ವಾದಕರ ಆ ರಾತ್ರಿಯ ಸಂಪಾದನೆಯಲ್ಲಿ ದೊಡ್ಡ ಪಾಲು ಆ ಬಕೆಟ್ಟೇ. ಒಂದು ಡ್ರಿಂಕಿಗೆ ಕೊಡುವಷ್ಟನ್ನು ಒಂದೊಂದು ಬ್ಯಾಂಡಿಗೂ ಒಬ್ಬೊಬ್ಬರೂ ಕೊಡುವುದು ನ್ಯಾಯ ಅಂತ ನನ್ನ ಅಭಿಪ್ರಾಯ. ಚಿಲ್ಲರೆ ನೋಟು ಇಟ್ಟುಕೊಂಡು ಹೋಗಿ.

ಕೂತು, ಮಾತಿಲ್ಲದೆ, ಆಧುನಿಕ ಜಾಝ್ ಕೇಳಬೇಕು ಅನ್ನುವವರಿಗೆ ಸ್ನಗ್ ಹಾರ್ಬರ್. ಟಿಕೆಟ್ ಇದೆ, ಕುರ್ಚಿ ಇದೆ, ರಾತ್ರಿಗೆ ಸಾಮಾನ್ಯವಾಗಿ ಎರಡು ಆಟ. ಪಿಯಾನೊ ವಾದಕ ಎಲಿಸ್ ಮಾರ್ಸಾಲಿಸ್ ದಶಕಗಳ ಕಾಲ ಶುಕ್ರವಾರ ರಾತ್ರಿ ಇಲ್ಲಿ ನುಡಿಸಿದರು. ವಿಂಟನ್, ಬ್ರ್ಯಾನ್‌ಫರ್ಡ್, ಡೆಲ್ಫಿಯೊ, ಜೇಸನ್, ನಾಲ್ಕು ಜನ ಜಾಝ್ ವಾದಕರ ತಂದೆ ಅವರು. ಊರಿನ ಎಷ್ಟೋ ವಾದಕರಿಗೆ ಗುರು. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು. ನಮ್ಮ ಕಚೇರಿ ಕೇಳಿ ಅಭ್ಯಾಸ ಇರುವವರಿಗೆ, ಒಂದು ರಾಗ ಹೇಗೆ ಬೆಳೆಯುತ್ತದೆ ಅಂತ ಕಿವಿಗೊಟ್ಟು ಕೂರುವವರಿಗೆ, ಈ ರಸ್ತೆಯಲ್ಲಿ ಹೆಚ್ಚು ದಕ್ಕುವುದು ಇಲ್ಲೇ. ಪ್ರಿಸರ್ವೇಶನ್ ಹಾಲ್‌ಗೂ ಇದಕ್ಕೂ ಒಂದರಲ್ಲಿ ಆರಿಸಿ ಅಂದರೆ, ಮೊದಲ ಸಲ ಬಂದವರಿಗೆ ಹಾಲ್, ಜಾಝ್ ಮೊದಲೇ ಕೇಳಿ ಬಲ್ಲವರಿಗೆ ಸ್ನಗ್ ಹಾರ್ಬರ್.

ಚಾರ್ಟರ್ಸ್ ರಸ್ತೆ ಕೂಡುವ ಮೂಲೆಯಲ್ಲಿ ರಾತ್ರಿ ಎಷ್ಟೋ ಸಲ ಹರೆಯದ ಹುಡುಗರ ಬ್ರಾಸ್ ಬ್ಯಾಂಡ್ ನಿಂತಿರುತ್ತದೆ. ಮೈಗೆ ಸುತ್ತಿಕೊಂಡು ಊದುವ ದೊಡ್ಡ ಕೊಳವೆ ವಾದ್ಯ ಸೂಸಾಫೋನ್, ಮೂರ್ನಾಲ್ಕು ಟ್ರಾಂಬೋನ್, ಟ್ರಂಪೆಟ್, ಎರಡು ಡ್ರಮ್. ಜನ ಸುತ್ತುಗಟ್ಟಿ ಕುಣಿಯುತ್ತಾರೆ. ಇದಕ್ಕೆ ಟಿಕೆಟ್ ಇಲ್ಲ, ಮುಂದೆ ಇಟ್ಟ ರಟ್ಟಿನ ಡಬ್ಬಿ ಇದೆ.

ಊಟ? ಅದರಲ್ಲಿ ಫ್ರೆಂಚ್‌ಮೆನ್ ಸ್ವಲ್ಪ ಹಿಂದೆ. ಆಪಲ್ ಬ್ಯಾರೆಲ್ ಬಾರಿನ ಮಹಡಿಯಲ್ಲಿರುವ ಅಡಾಲ್ಫೋಸ್‌ನಂಥ ಪುಟ್ಟ ಇಟಾಲಿಯನ್ ಹೋಟೆಲಿಗೆ ಜನ ಕಾದು ಹೋಗುತ್ತಾರೆ, ಸ್ನಗ್ ಹಾರ್ಬರ್‌ಗೂ ತನ್ನದೇ ಊಟದ ಕೋಣೆ ಇದೆ. ಆದರೂ ಊಟ ಬೇರೆ ಕಡೆ ಮುಗಿಸಿ ಏಳು ಗಂಟೆಗೆ ಇಲ್ಲಿಗೆ ಬನ್ನಿ. ಒಂಬತ್ತರ ಮೇಲೆ ಕಾಲಿಡಲು ಜಾಗ ಇರುವುದಿಲ್ಲ, ವಾರಾಂತ್ಯ ಬಿಟ್ಟು ಬುಧವಾರ ಗುರುವಾರ ಬಂದರೆ ಇನ್ನೂ ಒಳ್ಳೆಯದು. ಇನ್ನೊಂದು ಮಾತು: ಇಲ್ಲಿಯ ಬಹಳಷ್ಟು ಕ್ಲಬ್ಬುಗಳಿಗೆ 21 ವರ್ಷ ತುಂಬಿದವರಿಗೆ ಮಾತ್ರ ಪ್ರವೇಶ. ತಲೆ ನರೆತವರನ್ನೂ ಗುರುತಿನ ಚೀಟಿ ಕೇಳಬಹುದು. ಇಂಡಿಯಾದಿಂದ ಬಂದವರು ಪಾಸ್‌ಪೋರ್ಟ್ ಜೊತೆಗಿಟ್ಟುಕೊಳ್ಳಿ.

ಟ್ರೆಮೇ: ಇದೆಲ್ಲ ಶುರುವಾದ ಕಡೆ

ಪ್ರವಾಸಿಗಳು ಬಿಟ್ಟುಬಿಡುವುದು ಇದನ್ನೇ. ನನ್ನ ಮಟ್ಟಿಗೆ ಮೂರರಲ್ಲಿ ದೊಡ್ಡದು ಇದೇ. ರ‍್ಯಾಂಪಾರ್ಟ್ ರಸ್ತೆ ದಾಟಿದರೆ ಲೂಯಿ ಆರ್ಮ್‌ಸ್ಟ್ರಾಂಗ್ ಪಾರ್ಕ್, ಅದರ ಒಂದು ಮೂಲೆಯಲ್ಲಿ ಕಾಂಗೊ ಸ್ಕ್ವೇರ್. ಗುಲಾಮರಾಗಿದ್ದ ಆಫ್ರಿಕನ್ನರು ಭಾನುವಾರ ಮಧ್ಯಾಹ್ನ ಇಲ್ಲಿ ಸೇರುತ್ತಿದ್ದರು. 1817ರಲ್ಲಿ ನಗರಾಡಳಿತ ಅಂಥ ಕೂಟಗಳನ್ನು ಒಂದೇ ಜಾಗಕ್ಕೆ ಕಟ್ಟಿಹಾಕಿತು, ಅದು ಈ ಬಯಲು. ಇಲ್ಲಿ ಅವರು ಡೋಲು ಬಡಿದರು, ಕುಣಿದರು, ತಾವು ಬೆಳೆದದ್ದನ್ನು ಮಾರಿದರು. ಅಮೆರಿಕದ ಉಳಿದ ಕಡೆ ಬಹುಪಾಲು ಅಳಿಸಿಹೋದ ಆಫ್ರಿಕದ ಲಯ ಇಲ್ಲಿ ಬಹಿರಂಗವಾಗಿ ಉಳಿಯಿತು. ನೂರು ವರ್ಷದ ನಂತರ ಜಾಝ್ ಆಗಿ ಬಂದದ್ದರ ಬೇರು ಇಲ್ಲಿದೆ. ಈಗ ಹೋದರೆ ದೊಡ್ಡ ಓಕ್ ಮರಗಳು, ವೃತ್ತಾಕಾರದಲ್ಲಿ ಹಾಸಿದ ಕಲ್ಲು, ಅಷ್ಟೇ. ಆದರೂ ಹಗಲು ಹೊತ್ತಿನಲ್ಲಿ ಹೋಗಿ ಸ್ವಲ್ಪ ಹೊತ್ತು ಕೂರಿ.

ಟ್ರೆಮೇಯಲ್ಲಿ ಸ್ವತಂತ್ರ ಕರಿಯರು 19ನೇ ಶತಮಾನದಲ್ಲೇ ಮನೆ ಜಮೀನು ಕೊಂಡು ಬಾಳಿದರು. ಅವರೇ ಮುಂದೆ ನಿಂತು ಕಟ್ಟಿಸಿದ ಸೇಂಟ್ ಆಗಸ್ಟಿನ್ ಚರ್ಚ್ ಇನ್ನೂ ಇದೆ, ಅದರ ಪಕ್ಕದಲ್ಲಿ ದಪ್ಪ ಸರಪಳಿಯ ಶಿಲುಬೆ ಇದೆ, ಹೆಸರಿಲ್ಲದೆ ಸತ್ತ ಗುಲಾಮರ ನೆನಪಿಗೆ. ನಮಗೆ ಕುತೂಹಲದ ಒಂದು ಸಂಗತಿ: 19ನೇ ಶತಮಾನದ ಕೊನೆಯಲ್ಲಿ ಬಂಗಾಳದ ಹೂಗ್ಲಿ ಕಡೆಯಿಂದ ಕಸೂತಿ ಬಟ್ಟೆ ಮಾರಲು ಬಂದ ಮುಸ್ಲಿಂ ವ್ಯಾಪಾರಿಗಳು ಇದೇ ಟ್ರೆಮೇಯಲ್ಲಿ ನೆಲೆಸಿದರು, ಇಲ್ಲಿನ ಕರಿಯರ ಮನೆತನಗಳಲ್ಲಿ ಮದುವೆಯಾದರು. ಜಾಝ್ ಹುಟ್ಟುತ್ತಿದ್ದ ವರ್ಷಗಳಲ್ಲಿ ಆ ರಸ್ತೆಗಳಲ್ಲಿ ಇಂಡಿಯಾದವರೂ ಓಡಾಡುತ್ತಿದ್ದರು.

ಊಟಕ್ಕೆ ಆರ್ಲಿಯನ್ಸ್ ಅವೆನ್ಯೂದ ಡೂಕಿ ಚೇಸ್. 1941ರಿಂದ ಇದೆ. ಆ ಮನೆಯ ಮಗ ಡೂಕಿ ಜಾಝ್ ಟ್ರಂಪೆಟ್ ವಾದಕ, ದೊಡ್ಡ ಬ್ಯಾಂಡಿನ ನಾಯಕ. ಅವರನ್ನು ಮದುವೆಯಾಗಿ ಬಂದ ಲೀಯಾ ಚೇಸ್ ಅಡುಗೆಮನೆ ಹಿಡಿದರು, 2019ರಲ್ಲಿ 96ನೇ ವಯಸ್ಸಿನಲ್ಲಿ ತೀರಿಕೊಳ್ಳುವ ತನಕ ಈ ಜಾಗದ ಜೀವವಾಗಿದ್ದರು. ಕರಿಯರು ಬಿಳಿಯರು ಒಂದೇ ಮೇಜಿನಲ್ಲಿ ಕೂರುವುದು ಕಾನೂನಿಗೆ ವಿರುದ್ಧವಾಗಿದ್ದ ಕಾಲದಲ್ಲಿ ನಾಗರಿಕ ಹಕ್ಕು ಹೋರಾಟಗಾರರು ಮಹಡಿ ಕೋಣೆಯಲ್ಲಿ ಒಟ್ಟಿಗೆ ಕೂತು ಗಂಬೊ ಅನ್ನುವ ಗಟ್ಟಿ ಸಾರು ಉಂಡು ಯೋಜನೆ ಹಾಕುತ್ತಿದ್ದರು. ಬರಾಕ್ ಒಬಾಮ ರುಚಿ ನೋಡುವ ಮುಂಚೆಯೇ ಗಂಬೊಗೆ ಹಾಟ್ ಸಾಸ್ ಹಾಕಿದ್ದಕ್ಕೆ ಲೀಯಾ ಅವರನ್ನು ಗದರಿದ ಕಥೆ ಊರಿಗೆಲ್ಲ ಗೊತ್ತು. ಮಾಂಸಾಹಾರಿಗಳಾದರೆ ಇಲ್ಲಿ ಗಂಬೊ, ಫ್ರೈಡ್ ಚಿಕನ್ ತಿನ್ನಿ. ಗಂಬೊದ ಜೀವ ರೂ ಅನ್ನುವ ತಳಹದಿ: ಹಿಟ್ಟು ಮತ್ತು ಕೊಬ್ಬನ್ನು ಸಣ್ಣ ಉರಿಯಲ್ಲಿ ಕಂದು ಬಣ್ಣ ಬರುವ ತನಕ ಕೈಬಿಡದೆ ತಿರುವಬೇಕು, ಒಂದು ಗಳಿಗೆ ಮರೆತರೆ ಸೀದು ಕಹಿಯಾಗುತ್ತದೆ. ಆಮೇಲೆ ಈರುಳ್ಳಿ, ಸೆಲರಿ, ದೊಣ್ಣೆ ಮೆಣಸಿನಕಾಯಿ. ಗಟ್ಟಿಯಾಗಲು ಕೆಲವರು ಬೆಂಡೆಕಾಯಿ ಹಾಕುತ್ತಾರೆ, ಕೆಲವರು ಸ್ಥಳೀಯ ಚಾಕ್ಟಾ ಜನರಿಂದ ಕಲಿತ ಸಾಸಾಫ್ರಾಸ್ ಮರದ ಎಲೆಯ ಪುಡಿ ಹಾಕುತ್ತಾರೆ. ಈ ಹೋಟೆಲು ವಾರದ ಎಲ್ಲ ದಿನ ತೆರೆದಿರುವುದಿಲ್ಲ, ಮೊದಲೇ ನೋಡಿ ಟೇಬಲ್ ಕಾದಿರಿಸಿ.

ಇನ್ನು ಸೆಕೆಂಡ್ ಲೈನ್. ಹಿಂದೆ ಕರಿಯರಿಗೆ ವಿಮೆ ಕೊಡುವವರಿರಲಿಲ್ಲ. ಅವರೇ ಸಂಘ ಕಟ್ಟಿಕೊಂಡು ಕಾಯಿಲೆಗೆ, ಶವಸಂಸ್ಕಾರಕ್ಕೆ ಹಣ ಕೂಡಿಸುತ್ತಿದ್ದರು. ಆ ಸಂಘಗಳ ಪರಂಪರೆಯವರೇ ಇವತ್ತಿಗೂ ಭಾನುವಾರ ಮಧ್ಯಾಹ್ನ ಮೆರವಣಿಗೆ ಹೊರಡಿಸುತ್ತಾರೆ. ಬಿರುಬೇಸಿಗೆ ಬಿಟ್ಟು ವರ್ಷದ ಬಹುತೇಕ ಭಾನುವಾರ ಒಂದಲ್ಲ ಒಂದು ಸಂಘದ ಸರದಿ. ಮುಂದೆ ಸಂಘದವರು, ತಲೆಯಿಂದ ಕಾಲಿನ ಬೂಟಿನ ತನಕ ಒಂದೇ ಬಣ್ಣದ ಹೊಸ ಬಟ್ಟೆ, ಕೈಯಲ್ಲಿ ಗರಿಯ ಬೀಸಣಿಗೆ. ಜೊತೆಗೆ ಬ್ರಾಸ್ ಬ್ಯಾಂಡ್. ಹಿಂದೆ ಬರುವ ಜನಸಾಗರವೇ ಸೆಕೆಂಡ್ ಲೈನ್, ಅದರಲ್ಲಿ ನೀವೂ ಸೇರಬಹುದು. ಬಾಸ್ ಡ್ರಮ್ ಹೊತ್ತವನನ್ನು ಗಮನಿಸಿ: ಒಂದು ಕೈಯಲ್ಲಿ ಡ್ರಮ್ ಕೋಲು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರೋ ಬಗ್ಗಿಸಿದ ತಂತಿಯೋ. ಡ್ರಮ್ ಮೇಲೆ ಕೂರಿಸಿದ ತಾಳವನ್ನು ಅದರಿಂದ ಬಡಿಯುತ್ತಾನೆ. ಆ ಚಿಣ್ ಚಿಣ್ ಸದ್ದೇ ಕಾಲುಗಳನ್ನು ಎಬ್ಬಿಸುವುದು. ನಾಲ್ಕು ಗಂಟೆ ನಡೆಯುತ್ತದೆ, ಪೂರ್ತಿ ಇರಬೇಕಾಗಿಲ್ಲ. ಪಿಕಪ್ ಟ್ರಕ್ಕುಗಳ ಮೇಲೆ ಸುಟ್ಟ ಸಾಸೇಜು, ನೀರು, ಬಿಯರ್ ಮಾರುತ್ತಿರುತ್ತಾರೆ. ಯಾವ ಭಾನುವಾರ ಯಾವ ದಾರಿ ಅನ್ನುವುದನ್ನು ಊರಿನ ಸಮುದಾಯ ರೇಡಿಯೊ ಡಬ್ಲ್ಯುಡಬ್ಲ್ಯುಓಝಡ್ ತನ್ನ ಜಾಲತಾಣದಲ್ಲಿ ಹಾಕುತ್ತದೆ. ಎಲ್ಲ ಮೆರವಣಿಗೆಯೂ ಟ್ರೆಮೇಯಲ್ಲೇ ನಡೆಯುವುದಿಲ್ಲ, ದಾರಿ ನೋಡಿಯೇ ಹೊರಡಿ.

ಮೆರವಣಿಗೆ ಕ್ಲೇಬೋರ್ನ್ ಅವೆನ್ಯೂದ ಹೆದ್ದಾರಿ ಸೇತುವೆ ಕೆಳಗೆ ಬಂದರೆ ಅಲ್ಲಿ ನಿಂತು ಕೇಳಿ. ಕಾಂಕ್ರೀಟಿಗೆ ಬಡಿದು ಸದ್ದು ಎರಡು ಪಟ್ಟಾಗುತ್ತದೆ, ವಾದಕರೂ ಬೇಕೆಂದೇ ಅಲ್ಲಿ ಜೋರು ಮಾಡುತ್ತಾರೆ. ಅದೇ ಜಾಗದಲ್ಲಿ ಹಿಂದೆ ಸಾಲು ಸಾಲು ಓಕ್ ಮರಗಳಿದ್ದವು, ಕರಿಯರ ಅಂಗಡಿ ಬೀದಿ ಇತ್ತು. 1966ರಲ್ಲಿ ಮರ ಕಡಿದು ಹೆದ್ದಾರಿ ಎತ್ತಿದರು. ಈಗ ಕಂಬಗಳ ಮೇಲೆ ಆ ಮರಗಳ ಚಿತ್ರ ಬರೆದಿದ್ದಾರೆ.

ಎರಡು ಮಾತು ನೆನಪಿಡಿ. ಫೋಟೊಗೋಸ್ಕರ ಬ್ಯಾಂಡಿನ ಮುಂದೆ ಅಡ್ಡ ನಿಲ್ಲಬೇಡಿ. ಶವಯಾತ್ರೆಯ ಬ್ಯಾಂಡ್ ಕಂಡರೆ ಅದು ಒಂದು ಮನೆಯವರ ದುಃಖ ಅಂತ ತಿಳಿದು ದೂರ ನಿಂತು ಗೌರವ ಕೊಡಿ.

ಟ್ರೆಮೇಯಲ್ಲಿ ಕ್ಲಬ್ಬುಗಳು ಕಡಿಮೆ. ಕ್ಲೇಬೋರ್ನ್ ರಸ್ತೆಯ ಮದರ್ ಇನ್ ಲಾ ಲೌಂಜ್ ಮುಖ್ಯ. ಇದನ್ನು ನಡೆಸುವ ಕರ್ಮಿಟ್ ರಫಿನ್ಸ್ ಸ್ವತಃ ಟ್ರಂಪೆಟ್ ವಾದಕ, 1983ರಲ್ಲಿ ಟ್ರೆಮೇಯ ಹೈಸ್ಕೂಲಿನಲ್ಲಿ ಹುಟ್ಟಿದ ರೀಬರ್ತ್ ಬ್ರಾಸ್ ಬ್ಯಾಂಡಿನ ಸ್ಥಾಪಕರಲ್ಲಿ ಒಬ್ಬರು. ಅಡುಗೆಯಲ್ಲೂ ಅವರ ಕೈ ಇದೆ. ಇದು ಪ್ರವಾಸಿಗಳಿಗೋಸ್ಕರ ಅಲಂಕರಿಸಿದ ಜಾಗ ಅಲ್ಲ, ಅಕ್ಕಪಕ್ಕದವರು ಬಂದು ಕೂರುವ ಜಾಗ. ಹೋದಾಗ ನೀವೂ ಹಾಗೇ ಕೂತು ನಾಲ್ಕು ಮಾತಾಡಿ. ರಾತ್ರಿ ಹೊತ್ತು ನಡೆದು ಹೋಗಬೇಡಿ, ಕ್ಯಾಬ್ ಹಿಡಿಯಿರಿ.

ಸಸ್ಯಾಹಾರಿಗಳು ಏನು ಮಾಡಬೇಕು?

ನೇರವಾಗಿ ಹೇಳುತ್ತೇನೆ: ಈ ಊರು ಸಸ್ಯಾಹಾರಿಗಳಿಗೆ ಕಷ್ಟ. ಗಂಬೊ, ಜಂಬಲಾಯ ಅನ್ನುವ ಅನ್ನದ ಅಡುಗೆ, ಎಟೂಫೇ ಅನ್ನುವ ಗಟ್ಟಿ ಗೊಜ್ಜು, ಎಲ್ಲದರಲ್ಲೂ ಸಿಗಡಿ, ಏಡಿ, ಕೋಳಿ, ಹಂದಿಯ ಸಾಸೇಜು. ಸೊಪ್ಪಿನ ಗಂಬೊ ಅಂತ ಒಂದಿದೆ, ಈಸ್ಟರ್ ಮುಂಚಿನ ಗುರುವಾರದ ವಿಶೇಷ, ಹಲವು ಬಗೆ ಸೊಪ್ಪು ಹಾಕುತ್ತಾರೆ. ಹೆಸರು ಕೇಳಿ ಮೋಸ ಹೋಗಬೇಡಿ, ಅದರಲ್ಲೂ ಮಾಂಸ ಇರುತ್ತದೆ. ಸೋಮವಾರದ ರೆಡ್ ಬೀನ್ಸ್ ಅನ್ನಕ್ಕೂ ಇದೇ ಕಥೆ. ಸೋಮವಾರ ಬಟ್ಟೆ ಒಗೆಯುವ ದಿನ, ಒಲೆ ಮೇಲೆ ಕಾಳು ಇಟ್ಟು ಮರೆತರೂ ಬೇಯುತ್ತಿರುತ್ತದೆ ಅಂತ ಬಂದ ಪದ್ಧತಿ. ಆರ್ಮ್‌ಸ್ಟ್ರಾಂಗ್‌ಗೆ ಇದೆಂದರೆ ಎಷ್ಟು ಇಷ್ಟ ಅಂದರೆ ಕಾಗದದ ಕೊನೆಗೆ ಸಹಿಯ ಜೊತೆ ಇದರ ಹೆಸರನ್ನೇ ಬರೆಯುತ್ತಿದ್ದರು. ಅದರಲ್ಲಿ ಸಾಮಾನ್ಯವಾಗಿ ಉಪ್ಪಿನಲ್ಲಿಟ್ಟ ಹಂದಿ ಮಾಂಸ ಹಾಕುತ್ತಾರೆ. "ಮಾಂಸ ಇದೆಯಾ" ಅಂತ ಕೇಳಿದರೆ ಸಾಲದು, "ಯಾವ ಸ್ಟಾಕ್‌ನಲ್ಲಿ (ಬೇಯಿಸಿದ ಸಾರಿನಲ್ಲಿ) ಮಾಡಿದ್ದು, ಅದೇ ಎಣ್ಣೆಯಲ್ಲಿ ಸಿಗಡಿ ಕರಿಯುತ್ತೀರಾ" ಅಂತಲೂ ಕೇಳಿ.

ಹಾಗಾದರೆ ತಿನ್ನುವುದೇನು? ಬೆನ್ಯೇ ಇದೆ. ಪೀಕಾನ್ ಬೀಜ, ಸಕ್ಕರೆ, ಬೆಣ್ಣೆ ಹಾಕಿದ ಪ್ರಾಲೀನ್ ಮಿಠಾಯಿ ಇದೆ. ಹಣ್ಣಾಗದ ಹಸಿರು ಟೊಮೇಟೊ ಕರಿದದ್ದು ಸಿಗುತ್ತದೆ, ಮೇಲೆ ಸಿಗಡಿ ಬೇಡ ಅಂತ ಹೇಳಬೇಕು. ಪೋಬಾಯ್ ಸ್ಯಾಂಡ್‌ವಿಚ್‌ನಲ್ಲಿ ಆಲೂಗಡ್ಡೆ ಫ್ರೈ ತುಂಬಿದ್ದೂ ಹಳೆಯ ಪದ್ಧತಿಯೇ. 1929ರ ಟ್ರಾಮ್ ಕಾರ್ಮಿಕರ ಮುಷ್ಕರದ ಜೊತೆ ಬೆಸೆದುಕೊಂಡ ತಿಂಡಿ ಅದು. ಗ್ರೇವಿ ಮಾತ್ರ ಮಾಂಸದ್ದು, ಅದು ಬೇಡ ಅನ್ನಿ. ಕ್ವಾರ್ಟರ್‌ನ ಮಫಲೆಟ ಅನ್ನುವ ದುಂಡನೆಯ ಸ್ಯಾಂಡ್‌ವಿಚ್ ಇಟಲಿಯ ವಲಸಿಗರ ಕೊಡುಗೆ. ಮಾಂಸದ ಪದರ ಬಿಟ್ಟರೆ ಅದರ ಉಪ್ಪಿನ ಆಲಿವ್ ಸ್ಯಾಲಡ್, ಚೀಸ್, ಎಳ್ಳು ಬ್ರೆಡ್ ಸೇರಿಯೇ ಒಳ್ಳೆ ಊಟ, ಹಾಗೆ ಮಾಡಿಕೊಡುವ ಅಂಗಡಿ ಕೇಳಿ ಹುಡುಕಬೇಕು. ರಾತ್ರಿ ಸರಿಯಾಗಿ ಊಟ ಆಗಲೇಬೇಕು ಅಂದರೆ ಮ್ಯಾಗಜೀನ್ ಸ್ಟ್ರೀಟಿನ ಸ್ಯಾಫ್ರನ್‌ಗೆ ಹೋಗಿ. ಇಂಡಿಯಾದ ಅಡುಗೆಗೆ ಲೂಸಿಯಾನದ ಕೈ ಸೇರಿಸುವ ಹೋಟೆಲು, ಸಸ್ಯಾಹಾರವೂ ಇದೆ. ಮೂರು ಜಾಗಗಳನ್ನು ಹೋಲಿಸಿದರೆ ಸಸ್ಯಾಹಾರಿಗಳಿಗೆ ಕ್ವಾರ್ಟರ್ ಅನುಕೂಲ, ಆಯ್ಕೆ ಜಾಸ್ತಿ. ಟ್ರೆಮೇಗೆ ಹೋಗುವ ದಿನ ಹೊಟ್ಟೆ ತುಂಬಿಸಿಕೊಂಡೇ ಹೊರಡಿ.

ಯಾವಾಗ, ಎಲ್ಲಿ ಇಳಿದುಕೊಳ್ಳುವುದು

ಏಪ್ರಿಲ್‌ನಲ್ಲಿ ಫ್ರೆಂಚ್ ಕ್ವಾರ್ಟರ್ ಫೆಸ್ಟಿವಲ್ ನಡೆಯುತ್ತದೆ, ಪ್ರವೇಶ ಉಚಿತ, ಸ್ಥಳೀಯ ವಾದಕರೇ ಜಾಸ್ತಿ. ಏಪ್ರಿಲ್ ಕೊನೆ, ಮೇ ಮೊದಲಲ್ಲಿ ಜಾಝ್ ಫೆಸ್ಟ್. ಅದು 1970ರಲ್ಲಿ ಕಾಂಗೊ ಸ್ಕ್ವೇರ್‌ನಲ್ಲೇ ಶುರುವಾಗಿದ್ದು, ಈಗ ಕುದುರೆ ರೇಸಿನ ಮೈದಾನದಲ್ಲಿ ನಡೆಯುವ ದುಬಾರಿ ಜಾತ್ರೆ. ನನ್ನನ್ನು ಕೇಳಿದರೆ ಮೊದಲನೆಯದಕ್ಕೆ ಹೋಗಿ. ಊರಿನ ದೊಡ್ಡ ಕಾರ್ನಿವಲ್ ಹಬ್ಬ ಮಾರ್ಡಿ ಗ್ರಾ ಸಮಯದಲ್ಲಿ ಜಾಝ್‌ಗೋಸ್ಕರ ಹೋಗಬೇಡಿ, ಜನಜಂಗುಳಿಯಲ್ಲಿ ಕ್ಲಬ್ಬಿನ ಬಾಗಿಲೂ ಕಾಣುವುದಿಲ್ಲ. ಜುಲೈ ಆಗಸ್ಟ್‌ನಲ್ಲಿ ಮಂಗಳೂರಿನ ಮೇ ತಿಂಗಳ ಸೆಕೆ, ಆದರೆ ರೂಮಿನ ಬಾಡಿಗೆ ಇಳಿದಿರುತ್ತದೆ, ಆಗಸ್ಟ್‌ನಲ್ಲಿ ದೊಡ್ಡ ಹೋಟೆಲುಗಳು ಕಡಿಮೆ ಬೆಲೆಯ ನಿಗದಿತ ಊಟ ಕೊಡುತ್ತವೆ. ಜೂನ್‌ನಿಂದ ನವೆಂಬರ್ ತನಕ ಚಂಡಮಾರುತದ ಕಾಲ ಅನ್ನುವುದು ತಲೆಯಲ್ಲಿರಲಿ. ಅಕ್ಟೋಬರ್ ಕೊನೆಯಿಂದ ಡಿಸೆಂಬರ್ ತನಕ ಹವೆ ಚೆನ್ನ, ಸೆಕೆಂಡ್ ಲೈನ್ ಕೂಡ ಇರುತ್ತದೆ.

ಇಳಿದುಕೊಳ್ಳಲು ಕ್ವಾರ್ಟರ್‌ನ ಎಸ್ಪ್ಲನೇಡ್ ಕಡೆಯ ತುದಿ ಒಳ್ಳೆಯದು, ಬರ್ಬನ್ ಗಲಾಟೆ ಅಷ್ಟು ದೂರ ಬರುವುದಿಲ್ಲ, ಫ್ರೆಂಚ್‌ಮೆನ್ ಐದು ನಿಮಿಷ. ಕಾರಿನಲ್ಲಿ ಬಂದವರು ಕೆನಾಲ್ ಸ್ಟ್ರೀಟ್ ಕಡೆ ಪಾರ್ಕಿಂಗ್ ಇರುವ ಹೋಟೆಲ್ ಹಿಡಿದು, ಕಾರು ಅಲ್ಲೇ ಬಿಟ್ಟು ನಡೆಯಿರಿ. ಟ್ರಾಮ್‌ಗೆ ಒಂದು ಸಲಕ್ಕೆ 1.25 ಡಾಲರ್, ಇಡೀ ದಿನದ ಪಾಸ್ 3 ಡಾಲರ್. ಟ್ರೆಮೇಯಲ್ಲಿ ಅಲ್ಪಾವಧಿಗೆ ಬಾಡಿಗೆಗೆ ಸಿಗುವ ಮನೆಗಳು ಚಂದ ಕಾಣುತ್ತವೆ, ಅಗ್ಗವೂ ಇರಬಹುದು. ಆದರೆ ಕತ್ರಿನಾ ನಂತರ ಇಂಥ ಬಾಡಿಗೆಗೋಸ್ಕರ ಮನೆಗಳು ಕೈಬದಲಾಗಿ, ತಲೆಮಾರುಗಳಿಂದ ಅಲ್ಲಿದ್ದ ವಾದಕರ ಮನೆಯವರೇ ಊರ ಹೊರಗೆ ಹೋಗಬೇಕಾಗಿ ಬಂದಿದೆ. ಆದ್ದರಿಂದ ಹೋಟೆಲಿನಲ್ಲೋ, ಮಾಲೀಕರು ಅದೇ ಮನೆಯಲ್ಲಿ ವಾಸ ಇರುವ ಗೆಸ್ಟ್ ಹೌಸ್‌ನಲ್ಲೋ ಇಳಿದುಕೊಳ್ಳಿ. ಬುಕ್ ಮಾಡುವ ಮುಂಚೆ ಮಾಲೀಕರಿಗೆ ಒಂದು ಮೆಸೇಜ್ ಹಾಕಿ, ಅವರು ಅಲ್ಲೇ ಇರುತ್ತಾರಾ ಅಂತ ಕೇಳಿ. ಅಂಥವರ ಹತ್ತಿರ ಆ ವಾರದ ಮೆರವಣಿಗೆ ಯಾವ ರಸ್ತೆಯಲ್ಲಿ, ಸೋಮವಾರ ಕಾಳು ಯಾರ ಮನೆಯದು ಚೆನ್ನ ಅನ್ನುವ ವಿಷಯವೂ ಸಿಗುತ್ತದೆ.